ನಾಲ್ಕೂವರೆ ಗ್ರಾಂ

ಫೆಬ್ರವರಿ 9

ಮೊಂಡಿ,

ನಿನ್ನ ಕಾರ್ಖಾನೆಯ ತಕ್ಕಡಿ ಇಂದು ಬೆಳಿಗ್ಗೆ ಲಾರಿ ಹತ್ತಿತು. ಸುತ್ತ ಹಳೆ ಸೀರೆ ಒತ್ತಿ ಪೆಟ್ಟಿಗೆಗೆ ಇಳಿಸಿದವಳು ನಾನೇ. ಆರು ಕಿಲೋವರೆಗೆ ತೂಗುತ್ತದೆ, ಗ್ರಾಮಿನ ಹತ್ತರಲ್ಲಿ ಒಂದು ಪಾಲನ್ನೂ ಬಿಡದೆ ತೋರಿಸುತ್ತದೆ. ನಮ್ಮ ಅಂಗಡಿಯಿಂದ ಇಷ್ಟು ಸೂಕ್ಷ್ಮದ್ದು ಹೋಗುತ್ತಿರುವುದು ಇದೇ ಮೊದಲು.

ಆರ್ಡರಿನ ಕೆಳಗೆ ಉಗ್ರಾಣದ ಉಸ್ತುವಾರಿ ಎಂದು ನಿನ್ನ ಸಹಿ ಇದ್ದದ್ದನ್ನು ನಿಮ್ಮಣ್ಣ ನೋಡಿದರು. ಅಂಗಡಿ ನೋಡಿಕೋ ಎಂದರೆ ಬೆಟ್ಟದ ಮೇಲೆ ಕೆಲಸ ಹಿಡಿದು ಹೋದವಳು ಎಂಬ ಸಿಟ್ಟು ಎರಡು ವರ್ಷವಾದರೂ ಇಳಿದಿಲ್ಲವಲ್ಲ. ಆದರೆ ಮೂರು ದಿನ ಬೇರೆ ಯಾವ ಕೆಲಸವನ್ನೂ ಮುಟ್ಟದೆ ಅದರ ಮುಂದೆಯೇ ಕೂತರು. ನಮ್ಮ ಹಿತ್ತಾಳೆಯ ಐದು ಕಿಲೋ ತೂಕದ ಬಟ್ಟನ್ನು ತಟ್ಟೆಗೆ ಇಡುವುದು, ತೆಗೆಯುವುದು, ಮತ್ತೆ ಇಡುವುದು. "ರೀ, ಬಟ್ಟಿಗೆ ಸುಸ್ತಾಯ್ತು, ಸ್ವಲ್ಪ ಬಿಡಿ" ಎಂದೆ. "ಬೆಟ್ಟದ ಮೇಲೆ ಯಾರಾದ್ರೂ ನಗಬಾರದು" ಎಂದರು. ಆಮೇಲೆ, ಹೊಂದಿಸಿದ್ದನ್ನು ಯಾರೂ ಬದಲಿಸದಂತೆ ಸೀಸದ ಮುದ್ರೆ ಒತ್ತಿದರು. ನಿನ್ನ ಬಗ್ಗೆ ಅವರು ಆಡಿದ ಮಾತು ಅಂತ ಹೇಳುವುದಾದರೆ ಅದೊಂದೇ.

ಹೊತ್ತಿಗೆ ಸರಿಯಾಗಿ ಉಣ್ಣು. ದೇವರು ನಿನ್ನ ಬೆನ್ನಿಗಿರಲಿ.

ಬೆಳಗಿನ ಪ್ರಾರ್ಥನೆಯಲ್ಲಿ ನಿನ್ನನ್ನು ಬಿಡದ
ಅತ್ತಿಗೆ


ಮಾರ್ಚ್ 2

ಅತ್ತಿಗೆ,

ತಕ್ಕಡಿ ಬಂತು. ಪೆಟ್ಟಿಗೆ ತೆರೆದಾಗ ನಿಮ್ಮ ನೀಲಿ ಸೀರೆಯ ವಾಸನೆ. ಉಗ್ರಾಣದಲ್ಲೇ ಕೂತು ಸ್ವಲ್ಪ ಹೊತ್ತು ಅತ್ತೆ. ಯಾರೂ ನೋಡಲಿಲ್ಲ.

ಕೂರಿಸಲು ಪಟ್ಟಣದಿಂದ ಒಬ್ಬ ಫಿಟ್ಟರ್ ಬಂದಿದ್ದ. ಬಂದವನೇ ತನ್ನ ಚೀಲದಿಂದ ಬಟ್ಟು ತೆಗೆದು, ಅಣ್ಣನ ಮುದ್ರೆಗೆ ಇಕ್ಕಳ ಹಾಕಲು ಹೊರಟ.

"ಏಯ್, ಏನ್ ಮಾಡ್ತಿದೀರಿ?"

"ಕೂರಿಸಿದ ಜಾಗದಲ್ಲೇ ಹೊಂದಿಸ್ಬೇಕಮ್ಮ. ಎಲೆಕ್ಟ್ರಾನಿಕ್‌ಗೆ ಅದೇ ನಿಯಮ."

"ಯಾಕೆ?"

"ಯಾಕೆ ಅಂದ್ರೆ? ನಿಯಮ ಅಷ್ಟೇ."

"ಈ ಮುದ್ರೆ ಹಾಕಿದೋರು ಯಾರು ಗೊತ್ತಾ? ಮೂವತ್ತು ವರ್ಷದಲ್ಲಿ ಅವರ ಮುದ್ರೆ ಯಾರೂ ಒಡೆದಿಲ್ಲ. ನಡೀರಿ, ಚಹಾ ಕುಡಿದು ಹೊರಡಿ."

ಬೈದುಕೊಂಡೇ ಹೋದ. ನೀವು ಇದ್ದಿದ್ದರೆ ನೀವೂ ಅದನ್ನೇ ಮಾಡುತ್ತಿದ್ದಿರಿ.

ಮುಂದಿನ ವಾರ ಕೆಳಗಿನಿಂದ ಬೆಳ್ಳಿಯ ಕಾಳು ಬರುತ್ತದೆ. ಕರಗಿಸಿ ಪದಕ ಮಾಡಲು. ಡಬ್ಬಿಯ ಮೇಲೆ ಬರೆದ ತೂಕ, ನಮ್ಮ ತಕ್ಕಡಿಯ ತೂಕ ಎರಡನ್ನೂ ನಾನು ಪುಸ್ತಕಕ್ಕೆ ಏರಿಸಬೇಕು. ಇಲ್ಲಿಯ ಗಾಳಿ ತೆಳು. ಎರಡು ಮಹಡಿ ಹತ್ತಿದರೆ ಎದೆ ಏದುತ್ತದೆ. ಆದರೆ ಕಿಟಕಿ ತೆರೆದರೆ ಮೋಡ ನಮ್ಮ ಕಾಲಿನ ಕೆಳಗೆ.

ಅಣ್ಣನಿಗೆ ಏನೂ ಹೇಳಬೇಡಿ. ಸೀರೆಯ ವಿಷಯವಂತೂ ಬೇಡವೇ ಬೇಡ.

ನಿಮ್ಮ ಮೊಂಡಿ


ಏಪ್ರಿಲ್ 18

ಅತ್ತಿಗೆ,

ಕೆಟ್ಟ ಸುದ್ದಿ. ಸುತ್ತಿ ಬಳಸಿ ಬರೆಯಲು ಬರುವುದಿಲ್ಲ. ನನ್ನನ್ನು ಕಳ್ಳಿ ಎನ್ನುತ್ತಿದ್ದಾರೆ.

ಬಂದ ಡಬ್ಬಿಗಳಲ್ಲಿ ಒಂದರಲ್ಲೂ ಬರೆದಷ್ಟು ಬೆಳ್ಳಿ ಇಲ್ಲ. ಎಲ್ಲದರಲ್ಲೂ ಚೂರು ಚೂರು ಕಡಿಮೆ. ಕೊರತೆಯನ್ನು ನಾನೇ ಬರೆದೆ, ನಾನೇ ಮ್ಯಾನೇಜರಿಗೆ ತೋರಿಸಿದೆ. ಅವರು ಬೆಳ್ಳಿ ಕಳಿಸಿದವರಿಗೆ ಬರೆದರು. ನಮ್ಮಲ್ಲಿ ಇಬ್ಬರು ತೂಗಿ, ಇಬ್ಬರೂ ಸಹಿ ಮಾಡುತ್ತಾರೆ, ಕಡಿಮೆಯಾಗಿದ್ದರೆ ನಿಮ್ಮಲ್ಲೇ ಆಗಿರಬೇಕು ಎಂದು ಅವರ ಉತ್ತರ. ಡಬ್ಬಿಯ ಬೀಗ ತೆಗೆಯುವವಳು ನಾನೊಬ್ಬಳೇ.

"ನೀನೇ ಬರೆದು ತೋರಿಸಿದ್ದು ಒಳ್ಳೇದೇ ಆಯ್ತು, ಆದ್ರೆ ಕಳ್ರೂ ಹಾಗೇ ಮಾಡ್ತಾರಮ್ಮ" ಎಂದರು ಮ್ಯಾನೇಜರ್. ಕೆಟ್ಟ ಮನುಷ್ಯರಲ್ಲ. ಹೇಳುವಾಗ ಮುಖ ತಿರುಗಿಸಿಕೊಂಡಿದ್ದರು.

ಜೂನ್ ಇಪ್ಪತ್ತಕ್ಕೆ ಸಮಿತಿ ಕೂರುತ್ತದೆ. ಅಂದು ತೀರ್ಮಾನ. ಅಲ್ಲಿಯವರೆಗೆ ಕೀಲಿ ಕೈ ನನ್ನಲ್ಲಿಲ್ಲ. ತಕ್ಕಡಿಯಲ್ಲಿ ದೋಷವಿದೆಯೇ ನೋಡಲು ಅದನ್ನು ಅಣ್ಣನ ಹತ್ತಿರವೇ ಕಳಿಸುತ್ತಿದ್ದಾರೆ. ಮುದ್ರೆ ಇನ್ನೂ ಹಾಗೇ ಇದೆ. ಅಣ್ಣ ತೂಗಿ ನೋಡಿ ಬರೆದುಕೊಡಬೇಕು. ಅವನ ಕಾಗದವನ್ನು ಯಾರೂ ಅನುಮಾನಿಸುವುದಿಲ್ಲ ಎಂದು ನಾನೇ ಹೆಮ್ಮೆಯಿಂದ ಹೇಳಿಬಿಟ್ಟೆ.

ಮೊಂಡಿ


ಮೇ 6

ಮೊಂಡಿ,

ಈ ಕಾಗದ ಬರೆಯಲು ಮೂರು ಸಲ ಕೂತು ಎದ್ದೆ.

ತಕ್ಕಡಿ ಬಂತು. ಮೇಜಿನ ಮಟ್ಟ ನೋಡಿ, ಕಿಟಕಿ ಹಾಕಿ, ಅರ್ಧ ಗಂಟೆ ಕಾಯಲು ಬಿಟ್ಟು, ನಿಮ್ಮಣ್ಣ ಬಟ್ಟನ್ನು ಇಟ್ಟರು. 5000.0. ಹತ್ತು ಸಲ ಇಟ್ಟರು. ಹತ್ತು ಸಲವೂ ಅದೇ. ಐದು ಕಿಲೋ ಎಂದರೆ ಐದೇ ಕಿಲೋ, ಕೂದಲೆಳೆಯಷ್ಟೂ ಹೆಚ್ಚಿಲ್ಲ, ಕಡಿಮೆಯಿಲ್ಲ. ಯಾವತ್ತೂ ಅವರ ಮುಖ ಅರಳುವ ಅಂಕಿ ಅದು. ಅಂದು ಅದನ್ನು ನೋಡಿ ಕುರ್ಚಿಗೆ ಒರಗಿದರು.

ನಾನು ಹೇಳಿದೆ, "ಸ್ವಲ್ಪ ತಾಳಿ, ನಾಳೆ ಬರೀರಿ."

"ನಾಳೆ ಬರೆದ್ರೆ ಅಂಕಿ ಬದಲಾಗತ್ತಾ?"

"ಅವಳು ನಿಮ್ಮ ತಂಗಿ."

"ತಕ್ಕಡಿಗೆ ತಂಗಿ ಇಲ್ಲ."

ಬರೆದರು. ತಕ್ಕಡಿ ಸರಿಯಾಗಿದೆ, ಮುದ್ರೆ ಹಾಗೇ ಇದೆ ಎಂದು. ಅವರ ಮೇಲೆ ನನಗೆ ಬಂದ ಸಿಟ್ಟು ದೇವರಿಗೇ ಗೊತ್ತು. ಆದರೂ ಹೇಳುತ್ತೇನೆ, ನೀನು ಬೈದರೂ ಸರಿ: ಸ್ವಂತ ತಂಗಿಯ ಕುತ್ತಿಗೆಗೆ ಬಂದಾಗಲೂ ಕಂಡದ್ದನ್ನೇ ಬರೆದ ಆ ಕೈಯನ್ನು ನಾನು ಹೇಗೆ ಸಣ್ಣದು ಮಾಡಲಿ?

ನೀನು ತೆಗೆದುಕೊಂಡೆಯಾ ಎಂದು ನಾನು ಕೇಳುವುದಿಲ್ಲ. ಆರು ವರ್ಷದವಳಿದ್ದಾಗಿನಿಂದ ನಿನ್ನ ತಲೆ ಬಾಚಿದವಳು ನಾನು. ಒಂದೇ ಒಂದು ಕೆಲಸ ಮಾಡು. ಪ್ರತಿ ಡಬ್ಬಿಯಲ್ಲಿ ಎಷ್ಟು ಕಡಿಮೆ ಎಂದು ಸಾಲಾಗಿ ಬರೆದು ಕಳಿಸು. ನನಗೆ ಬೇಕು.

ಅತ್ತಿಗೆ


ಮೇ 25

ಅತ್ತಿಗೆಯವರಿಗೆ,

ಅಣ್ಣನ ಪತ್ರವನ್ನು ಗುಮಾಸ್ತರು ಊಟದ ಮನೆಯಲ್ಲಿ ಎಲ್ಲರ ಮುಂದೆ ಓದಿದರು. ನಾನು ತಟ್ಟೆ ಹಿಡಿದು ಸಾಲಿನಲ್ಲಿ ನಿಂತಿದ್ದೆ.

ಐದು ಕಿಲೋ ಡಬ್ಬಿ ನಾಲ್ಕು. ಒಂದೊಂದರಲ್ಲೂ 4.5 ಗ್ರಾಂ ಕಡಿಮೆ.
ಎರಡು ಕಿಲೋ ಡಬ್ಬಿ ಎರಡು. ಒಂದೊಂದರಲ್ಲೂ 1.8.
ಒಂದು ಕಿಲೋ ಡಬ್ಬಿ ಒಂದು. 0.9.

ಅಣ್ಣನ ತಕ್ಕಡಿ ಸರಿಯಿಲ್ಲ ಎಂದು ನಾನು ಒಂದು ಮಾತು ಹೇಳಿದರೆ, ಬೇರೆಯವರಿಂದ ಪರೀಕ್ಷೆ ಮಾಡಿಸುತ್ತಾರಂತೆ. ಮ್ಯಾನೇಜರ್ ಹೇಳಿದರು. ನಾನು ಹೇಳಲಿಲ್ಲ. ಹೇಳುವುದೂ ಇಲ್ಲ. ಮೂವತ್ತು ವರ್ಷದ ಹೆಸರನ್ನು ಕೆಡಿಸಿ ನನ್ನ ಕೆಲಸ ಉಳಿಸಿಕೊಳ್ಳಬೇಕೇ?

ಇನ್ನು ಬರೆಯಬೇಡಿ. ನಿಮ್ಮ ಕಾಗದ ಬಂದರೆ ನನಗೆ ಗಟ್ಟಿಯಾಗಿರಲು ಆಗುವುದಿಲ್ಲ.

(ಸಹಿ ಇಲ್ಲ)


ಜೂನ್ 11

ಮೊಂಡಿ,

ಬರೆಯಬೇಡಿ ಎಂದವಳು ನೀನು. ಬರೆಯುತ್ತಿದ್ದೇನೆ. ಮೊಂಡುತನ ನಿನ್ನೊಬ್ಬಳ ಸ್ವತ್ತಲ್ಲ.

ನಿನ್ನ ಅಂಕಿಗಳನ್ನು ಅಡುಗೆಮನೆಯ ಗೋಡೆಗೆ ಅಂಟಿಸಿಕೊಂಡು ಹತ್ತು ದಿನ ನೋಡಿದೆ. ಐದು ಕಿಲೋಗೆ ನಾಲ್ಕೂವರೆ. ಎರಡಕ್ಕೆ ಒಂದು ಪಾಯಿಂಟ್ ಎಂಟು. ಒಂದಕ್ಕೆ ಪಾಯಿಂಟ್ ಒಂಬತ್ತು. ಭಾಗಿಸಿ ನೋಡು, ಎಲ್ಲಕ್ಕೂ ಕಿಲೋಗೆ ಅದೇ ಪಾಯಿಂಟ್ ಒಂಬತ್ತು. ಅಲ್ಲ ಕಣೇ, ಯಾವ ಕಳ್ಳ ಇಷ್ಟು ಅಚ್ಚುಕಟ್ಟಾಗಿ ಕದಿಯುತ್ತಾನೆ? ದೊಡ್ಡ ಡಬ್ಬಿಗೆ ಕೈ ಹಾಕಿದಾಗ ಒಂದು ಲೆಕ್ಕ, ಸಣ್ಣದಕ್ಕೆ ಅದಕ್ಕೆ ತಕ್ಕ ಹಾಗೆ ಕಿರುಬೆರಳ ತುದಿಯಲ್ಲಿ ಚಿಟಿಕೆ? ಅಂಥ ಕಳ್ಳ ಸಿಕ್ಕಿದರೆ ನಾನೇ ಅಂಗಡಿಯಲ್ಲಿ ಕೆಲಸ ಕೊಡುತ್ತೇನೆ.

ಆಮೇಲೆ ನಿನ್ನ ಮಾರ್ಚ್ ತಿಂಗಳ ಕಾಗದ ತೆಗೆದು ಓದಿದೆ. ಕೂರಿಸಿದ ಜಾಗದಲ್ಲೇ ಹೊಂದಿಸಬೇಕು ಎಂದಿದ್ದ ಆ ಫಿಟ್ಟರ್. ಯಾಕೆ ಎಂದು ಅವನಿಗೂ ಗೊತ್ತಿರಲಿಲ್ಲ, ನಿನಗೂ ಬೇಕಿರಲಿಲ್ಲ. ನನಗೆ ಬೇಕಾಯಿತು. ಜಾಗ ಬದಲಾದರೆ ತೂಕಕ್ಕೆ ಏನಾಗುತ್ತದೆ ಎಂದು ನೋಡಲು ಊರಿನ ವಾಚನಾಲಯಕ್ಕೆ ಹೋಗಿ ಏಳನೇ ಕ್ಲಾಸಿನ ವಿಜ್ಞಾನ ಪುಸ್ತಕ ಕೇಳಿದೆ. "ಮೊಮ್ಮಕ್ಕಳಿಗಾ?" ಎಂದಳು ಅಲ್ಲಿದ್ದವಳು. "ನನಗೇ, ತೂಕದ ಪಾಠ ಪರೀಕ್ಷೆಗೆ ಬರಲ್ಲ ಅಂತ ನಮ್ಮ ಮೇಷ್ಟ್ರು ಬಿಟ್ಟುಬಿಟ್ಟಿದ್ರು" ಎಂದೆ. ಅದರಲ್ಲಿದೆ, ಮೊಂಡಿ. ಭೂಮಿಯ ಸೆಳೆತ ಎಲ್ಲ ಕಡೆ ಒಂದೇ ಸಮ ಅಲ್ಲ. ಎತ್ತರಕ್ಕೆ ಹೋದಷ್ಟೂ ಸ್ವಲ್ಪ ಸಡಿಲ.

ಪುಸ್ತಕ ಹಿಡಿದು ನೇರ ಅಂಗಡಿಗೆ ಬಂದೆ.

"ರೀ, ತಕ್ಕಡಿ ಅಳೆಯೋದು ಏನನ್ನ?"

"ತೂಕಾನ. ತಲೆ ತಿನ್ಬೇಡ, ಕೆಲಸ ಇದೆ."

"ತೂಕ ಅಂದ್ರೆ ಏನು? ಮದುವೆಯಾದ ಹೊಸದರಲ್ಲಿ ನೀವೇ ಹೇಳಿಕೊಟ್ಟಿದ್ದು. ಎರಡು ತಟ್ಟೆ ತಕ್ಕಡಿ ಇದಕ್ಕೆ ಅದನ್ನ ಹೋಲಿಸತ್ತೆ. ಸ್ಪ್ರಿಂಗಿಂದು ಹಾಗಲ್ಲ, ವಸ್ತೂನ ಭೂಮಿ ಎಷ್ಟು ಎಳೀತಿದೆ ಅಂತ ಅಳೆಯತ್ತೆ."

"ಹೌದು. ಅದಕ್ಕೇನೀಗ?"

"ಈ ಹೊಸ ತಕ್ಕಡಿ ಹೊಟ್ಟೇಲಿರೋ ಲೋಹದ ತುಂಡು ಭಾರಕ್ಕೆ ಬಾಗತ್ತೆ, ಬಾಗಿದ್ದು ಅಂಕಿ ಆಗತ್ತೆ. ಅದೂ ಸ್ಪ್ರಿಂಗಿನ ಜಾತೀನೇ ತಾನೆ? ನೀವು ಇಲ್ಲಿಯ ಎಳೆತಕ್ಕೆ ಐದು ಕಿಲೋ ಅಂತ ಅದಕ್ಕೆ ಕಲಿಸಿದ್ರಿ. ಬೆಟ್ಟದ ಮೇಲೆ ಎಳೆತಾನೇ ಕಡಿಮೆ ಇದ್ರೆ?"

"ಬೆಳ್ಳಿ ಕರಗಲ್ಲ."

"ಬೆಳ್ಳಿ ಅಷ್ಟೇ ಇರತ್ತೆ. ಅಂಕಿ ಇಳಿಯತ್ತೆ."

ಕೈಯಲ್ಲಿದ್ದ ಸ್ಕ್ರೂಡ್ರೈವರ್ ಕೆಳಗಿಟ್ಟರು. ಪುಸ್ತಕ ಇಸಕೊಂಡು, ಕನ್ನಡಕ ಹಾಕಿ, ಆ ಪುಟವನ್ನು ಎರಡು ಸಲ ಓದಿದರು. "ಹಾಗಾದ್ರೆ ನಾನು ಬರ್ದ ಕಾಗದ…" ಎಂದರು.

ಪುಸ್ತಕ ಮುಚ್ಚಿ, "ಪುಸ್ತಕ ಹೇಳತ್ತೆ ಅಂದ್ರೆ ಸಮಿತಿ ಒಪ್ಪಲ್ಲ. ಅಳೆದು ತೋರಿಸ್ಬೇಕು" ಎಂದರು. ತಕ್ಕಡಿ ಇನ್ನೂ ನಮ್ಮಲ್ಲೇ ಇದೆ. ಅದನ್ನೂ ಬಟ್ಟನ್ನೂ ಹೊತ್ತು ಹದಿನೆಂಟಕ್ಕೆ ಬಸ್ಸು ಹತ್ತುತ್ತಾರೆ. ದಾರಿಯಲ್ಲಿ ಬಸ್ಸು ನಿಂತಲ್ಲೆಲ್ಲ ಅದೇ ಬಟ್ಟನ್ನು ಅದೇ ತಕ್ಕಡಿಯಲ್ಲಿ ತೂಗುತ್ತಾರಂತೆ.

ನನಗೋ, ಒಂದು ಕಡೆ ಹೆದರಿಕೆ, ಇನ್ನೊಂದು ಕಡೆ ಮೈ ಜುಮ್ಮೆನ್ನುತ್ತಿದೆ. ಭಗವಂತ ಸಮುದ್ರವನ್ನು, ಬೆಟ್ಟವನ್ನು, ನಿನ್ನ ಉಗ್ರಾಣದ ಒಂದೊಂದು ಬೆಳ್ಳಿಯ ಕಾಳನ್ನು ಹಿಡಿದುಕೊಂಡಿದ್ದಾನೆ. ಎಲ್ಲಿ ಎಷ್ಟು ಬಿಗಿ, ಎಲ್ಲಿ ಎಷ್ಟು ಸಡಿಲ ಎಂದು ಅವನಿಗೆ ಗ್ರಾಮಿನ ಹತ್ತರಲ್ಲಿ ಒಂದು ಪಾಲಿನವರೆಗೂ ಗೊತ್ತು. ಅದನ್ನು ಮನುಷ್ಯನ ಕೈ ಮಾಡಿದ ಒಂದು ಪೆಟ್ಟಿಗೆ ಹಿಡಿದು ತೋರಿಸಿಬಿಟ್ಟಿತಲ್ಲ! ಆ ತಕ್ಕಡಿ ತಪ್ಪಿಲ್ಲ ಕಣೇ. ನಾವು ಕೇಳದ ಪ್ರಶ್ನೆಗೂ ಅದು ಸರಿಯಾಗಿ ಉತ್ತರ ಹೇಳಿದೆ.

ನನ್ನ ಲೆಕ್ಕ ತಪ್ಪಿದ್ದರೆ ನಾನೇ ಬಂದು ನಿನ್ನ ಪಕ್ಕ ನಿಲ್ಲುತ್ತೇನೆ.

ನೀನು ಬೇಡವೆಂದರೂ ಬಿಡದ
ಅತ್ತಿಗೆ


ಜೂನ್ 19

ನಿನಗೆ,

ಕಾಗದ ಬರೆದು ಅಭ್ಯಾಸವಿಲ್ಲ. ನೀನು ಕಾಯುತ್ತಿರುತ್ತೀ ಎಂದು ಬರೆಯುತ್ತಿದ್ದೇನೆ.

ಮನೆಯಲ್ಲಿ, ಹೊರಡುವ ಮೊದಲು: 5000.0.
ಬೆಟ್ಟದ ಬುಡ ದಾಟಿ ಮೊದಲ ನಿಲ್ದಾಣ: 4999.3.

ಚಹಾದಂಗಡಿಯವನ ಮೇಜು ಕೇಳಿದೆ. ಮಟ್ಟ ಸಿಗಲು ಹೊತ್ತಾಯಿತು. ಬಿಸಿಲು ಬೀಳದಂತೆ, ಗಾಳಿ ತಾಗದಂತೆ ನೋಡಿಕೊಂಡೆ. ಒಬ್ಬ ಪ್ರಯಾಣಿಕ ಬಂದು, "ಏನ್ ಸ್ವಾಮಿ, ಚಿನ್ನವಾ?" ಎಂದ. ಹಿತ್ತಾಳೆ ಎಂದೆ. "ಹಿತ್ತಾಳೇನ ಯಾರಾದ್ರೂ ಇಷ್ಟು ಪೂಜೆ ಮಾಡ್ತಾರಾ?" ಎಂದು ನಕ್ಕ.

ಎರಡನೇ ನಿಲ್ದಾಣ: 4998.0.

ಅದೇ ಮನುಷ್ಯ ಪುನಃ ಬಂದ. ಅಂಕಿ ನೋಡಿ ನಗಲಿಲ್ಲ. ಹೋಗಿ ಉಳಿದವರನ್ನು ಕರೆತಂದ. ಏಳು ಸಲ ಇಟ್ಟು ತೆಗೆದೆ. ಬಟ್ಟನ್ನು ಒರೆಸಿ, ಬಟ್ಟೆಯಲ್ಲೇ ಹಿಡಿಯಿರಿ ಎಂದು ಅವರ ಕೈಗೂ ಕೊಟ್ಟೆ. ಎಲ್ಲಿಯೂ ಸವೆದಿಲ್ಲ, ಚೂರು ಹೋಗಿಲ್ಲ ಎಂದು ತಿರುಗಿಸಿ ನೋಡಿದರು.

ಮೂರನೇ ನಿಲ್ದಾಣ: 4996.5.

ಇಲ್ಲಿ ಡ್ರೈವರ್ ತಾನಾಗಿ ಎಂಜಿನ್ ಆರಿಸಿ, "ಮೇಷ್ಟ್ರು ತೂಗೋವರೆಗೂ ಬಸ್ ಹೊರಡಲ್ಲ" ಎಂದ. ನನ್ನನ್ನು ಮೇಷ್ಟ್ರು ಮಾಡಿಬಿಟ್ಟಿದ್ದಾರೆ. ಅಂಕಿ ನಿಂತಾಗ ಎಲ್ಲರೂ "ಇಳೀತು, ಇಳೀತು" ಎಂದು ಕೂಗಿದರು. ಒಬ್ಬ ಮುದುಕಿ, "ಹಂಗಾದ್ರೆ ನಾನೂ ಹಗುರಾಗಿದೀನಾ?" ಎಂದು ಕೇಳಿದಳು. ಒಂದು ನಿಂಬೆಹಣ್ಣಿನಷ್ಟು ಎಂದೆ. "ನನ್ನ ಮಂಡಿಗೆ ಯಾರೂ ಹೇಳೇ ಇಲ್ವಲ್ಲಪ್ಪ" ಎಂದಳು. ಬಹಳ ದಿನದ ಮೇಲೆ ನಕ್ಕೆ.

ಎಲ್ಲ ಅಂಕಿಗಳ ಕೆಳಗೆ ಡ್ರೈವರ್, ಕಂಡಕ್ಟರ್ ಮತ್ತು ನಾಲ್ವರು ಪ್ರಯಾಣಿಕರ ಸಹಿ ಹಾಕಿಸಿದ್ದೇನೆ.

ನಿನ್ನ ಲೆಕ್ಕ ಸರಿ. ಇಷ್ಟು ವರ್ಷ ತಕ್ಕಡಿಯ ಜೊತೆ ಬಾಳಿದವನು ನಾನು. ಅದು ಏನು ಅಳೆಯುತ್ತದೆ ಎಂದು ಕೇಳಿದವಳು ನೀನು.

ನಾಳೆ ಬೆಳಿಗ್ಗೆ ಮೇಲೆ ತಲುಪುತ್ತೇನೆ. ಅವಳಿಗೆ ಏನು ಹೇಳಬೇಕೋ ತಿಳಿಯದು. ತಕ್ಕಡಿ 5000.0 ತೋರಿಸಿದ ದಿನ ನಾನು ಅವಳನ್ನು ಅನುಮಾನಿಸಿದೆ. ಒಂದೇ ದಿನವಲ್ಲ. ನಿನಗೆ ಗೊತ್ತಿತ್ತು. ಆದರೂ ನನ್ನ ಊಟಕ್ಕೆ ಉಪ್ಪು ಹೆಚ್ಚು ಮಾಡಲಿಲ್ಲ.

ಇಷ್ಟೇ.

ನಾನು


ಜೂನ್ 22

ಅತ್ತಿಗೆ,

ಮೊದಲು ನಿಮ್ಮ ಕಾಲು ಮುಟ್ಟಿದೆ ಎಂದು ತಿಳಿಯಿರಿ. ಆಮೇಲೆ ಓದಿ.

ಇಪ್ಪತ್ತರ ಬೆಳಿಗ್ಗೆ ಸಮಿತಿಯವರು ಕೂತಿದ್ದರು. ಅಣ್ಣ ಬಾಗಿಲಲ್ಲಿ ಬಂದು ನಿಂತ. ಒಂದು ಕೈಯಲ್ಲಿ ಪೆಟ್ಟಿಗೆ, ಇನ್ನೊಂದು ಕೈಯಲ್ಲಿ ಬಟ್ಟು. ಏದುಸಿರು ಬಿಡುತ್ತಿದ್ದ, ತುಟಿ ನೀಲಿಗಟ್ಟಿತ್ತು. ನೀರು ಕೊಡಲು ಓಡಿದೆ. ಎರಡು ವರ್ಷದ ಮೇಲೆ ನನ್ನ ಜೊತೆ ಅವನಾಡಿದ ಮೊದಲ ಮಾತು ಏನು ಗೊತ್ತೇ?

"ಈ ಮೇಜು ಅಲುಗಾಡತ್ತೆ. ಕಾಲಿಗೆ ಏನಾದ್ರೂ ಕೊಡು."

ಕಾಗದ ಮಡಚಿ ಕೊಟ್ಟೆ. ಮಟ್ಟ ನೋಡಿದೆ. ನಾವಿಬ್ಬರೂ ಅಂಗಡಿಯಲ್ಲಿ ಮಾಡುತ್ತಿದ್ದ ಹಾಗೆಯೇ. ಅರ್ಧ ಗಂಟೆ ಕಾಯಬೇಕು ಎಂದಾಗ ಸಮಿತಿಯವರು ಗೊಣಗಿದರು. ಅಣ್ಣ ಅವರ ಕಡೆ ತಿರುಗಿಯೂ ನೋಡಲಿಲ್ಲ. ಆಮೇಲೆ ಬಟ್ಟನ್ನು ಇಟ್ಟ. 4995.5.

"ಅಂದ್ರೆ ನಿಮ್ಮ ತಕ್ಕಡಿ ತಪ್ಪು" ಎಂದರು ಮ್ಯಾನೇಜರ್.

"ಕೆಳಗೆ ಸರಿ, ಇಲ್ಲಿ ತಪ್ಪು. ಬಟ್ಟು ಅದೇ, ತಕ್ಕಡಿ ಅದೇ. ಮಧ್ಯೆ ಬದಲಾಗಿದ್ದು ಎಳೆತ." ಬಸ್ಸಿನವರ ಸಹಿ ಇದ್ದ ಕಾಗದವನ್ನು ಮುಂದೆ ಸರಿಸಿದ. ನಾಲ್ಕು ಅಂಕಿಗಳು, ಮೆಟ್ಟಿಲು ಇಳಿದ ಹಾಗೆ. ಸಮಿತಿಯ ಹಿರಿಯರು ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡು ನೋಡಿದರು. "ಇಷ್ಟು ವರ್ಷ ಈ ಬೆಟ್ಟದ ಮೇಲಿದ್ದೀನಿ, ನನಗೆ ಇದು ಗೊತ್ತೇ ಇರಲಿಲ್ಲವಲ್ಲ" ಎಂದು ತಮಗೆ ತಾವೇ ಹೇಳಿಕೊಂಡರು.

ಆಗ ನಾನು ಎದ್ದು ನಿಂತು ಹೇಳಿಬಿಟ್ಟೆ. ಫಿಟ್ಟರ್ ಹೊಂದಿಸಲು ಬಂದಿದ್ದ, ಅಣ್ಣನ ಮುದ್ರೆ ಎಂದು ನಾನೇ ಅಟ್ಟಿದೆ ಎಂದು. ಅಣ್ಣ ನನ್ನ ಮುಖ ನೋಡಿದ. ಚೀಲದಿಂದ ಇಕ್ಕಳ ತೆಗೆದು ಮುದ್ರೆಯನ್ನು ಕತ್ತರಿಸಿದ. ಕಟ್ ಎಂದಿತು. ನನಗೇ ನೋವಾಯಿತು, ಅವನಿಗೆ ಆಗಲಿಲ್ಲವೇನೋ. "ಹೊಂದಿಸು" ಎಂದ. ನಾನು ಹೊಂದಿಸಿದೆ. ಬಟ್ಟು 5000.0 ಎಂದಿತು. ಬೀಗದಲ್ಲಿಟ್ಟಿದ್ದ ಏಳು ಡಬ್ಬಿಗಳನ್ನೂ ತರಿಸಿ ತೂಗಿದರು. ಏಳರಲ್ಲೂ ಬರೆದಷ್ಟೇ ಬೆಳ್ಳಿ ಇತ್ತು. ಮ್ಯಾನೇಜರ್ ತಾವೇ ಎದ್ದು ಬಂದು ಕೀಲಿ ಕೈಯನ್ನು ನನ್ನ ಅಂಗೈಯಲ್ಲಿಟ್ಟರು.

ನಾನು ಅಲ್ಲಿಗೆ ಮುಗಿಯಿತು ಎಂದುಕೊಂಡೆ. ಅಣ್ಣ ಮುಗಿಸಲಿಲ್ಲ. ಕೂತು ಇನ್ನೊಂದು ಪತ್ರ ಬರೆದ. "ಮೊದಲನೇದನ್ನ ಎಲ್ಲಿ ಓದಿದ್ರಿ?" ಎಂದು ಗುಮಾಸ್ತರನ್ನು ಕೇಳಿದ. ಊಟದ ಮನೆಯಲ್ಲಿ ಎಂದರು. "ಇದನ್ನೂ ಅಲ್ಲೇ ಓದಿ."

ಊಟದ ಹೊತ್ತು. ನೂರಿಪ್ಪತ್ತು ಜನ. ಗುಮಾಸ್ತರು ಕುರ್ಚಿಯ ಮೇಲೆ ನಿಂತು ಓದತೊಡಗಿದರು. ತಕ್ಕಡಿಯನ್ನು ಕೆಳಗೆ ಹೊಂದಿಸಿದ್ದು, ಇಲ್ಲಿ ಸೆಳೆತ ಕಡಿಮೆ, ಕಿಲೋಗೆ 0.9 ಗ್ರಾಂ ಕಡಿಮೆ ತೋರಿಸುತ್ತಿತ್ತು, ಬೆಳ್ಳಿ ಪೂರ್ತಿ ಇದೆ. ಅಷ್ಟು ಓದಿ ತಟ್ಟನೆ ನಿಲ್ಲಿಸಿ, ಬಗ್ಗಿ ಅಣ್ಣನನ್ನು ಮೆಲ್ಲಗೆ ಕೇಳಿದರು.

"ಇದು ಮನೆ ಮಾತಿನ ಹಾಗಿದೆ. ಇದನ್ನೂ ಓದ್ಬೇಕಾ?"

"ಅದನ್ನೇ ಓದಿ. ಜೋರಾಗಿ."

ಓದಿದರು: "ಉಗ್ರಾಣದ ಉಸ್ತುವಾರಿ ನನ್ನ ತಂಗಿ. ತಕ್ಕಡಿಯನ್ನು ಹತ್ತು ಸಲ ಕೇಳಿದೆ, ಅವಳನ್ನು ಒಂದು ಸಲವೂ ಕೇಳಲಿಲ್ಲ. ಆ ತಪ್ಪು ನನ್ನದು."

ಮೊಂಡಿ